ಅಂಗನವಾಡಿ ಕೇಂದ್ರಗಳಲ್ಲಿ ಶಾಲಾಪೂರ್ವ ಶಿಕ್ಷಣ: ಮಕ್ಕಳು ವಾರವಾರ ಕಲಿಯುವುದೇನು?

ಅಂಗನವಾಡಿ ಕೇಂದ್ರಗಳಲ್ಲಿ 3 ರಿಂದ 6 ವರ್ಷದೊಳಗಿನ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವನ್ನು ಉಚಿತವಾಗಿ ನೀಡಲಾಗುತ್ತಿದೆ. ಕೇಂದ್ರಕ್ಕೆ ಮಗುವನ್ನು ಕಳುಹಿಸುವ ಬಹುಪಾಲು ತಂದೆತಾಯಂದಿರು ಮೊದಲ ಕೆಲವು ತಿಂಗಳಲ್ಲಿಯೇ ಕಾರ್ಯಕರ್ತೆಯನ್ನು ಕೇಳುವ ಪ್ರಶ್ನೆ ಒಂದೇ: "ಟೀಚರ್, ನಮ್ಮ ಮಗು ಇನ್ನೂ ಅ ಆ ಇ ಈ ಬರೆಯುತ್ತಿಲ್ಲವಲ್ಲ?" ಈ ಪ್ರಶ್ನೆಗೆ ಸಮಾಧಾನಕರ ಉತ್ತರ ದೊರೆಯದಿದ್ದಾಗ, ಮಗುವನ್ನು ಕೇಂದ್ರದಿಂದ ಬಿಡಿಸಿ, ಮೂರು ವರ್ಷಕ್ಕೇ ಪುಸ್ತಕ ಮತ್ತು ಮನೆಪಾಠ ನೀಡುವ ಕಡೆಗೆ ಸೇರಿಸುವುದು ಕಂಡುಬರುತ್ತದೆ. ಕೇಂದ್ರದಲ್ಲಿ ವಾರದ ಕಲಿಕೆಯನ್ನು ಹೇಗೆ ಯೋಜಿಸಲಾಗುತ್ತದೆ, ಆಟದಂತೆ ಕಾಣುವ ಚಟುವಟಿಕೆಯಲ್ಲಿ ಮಗು ಏನನ್ನು ಕಲಿಯುತ್ತದೆ ಮತ್ತು ಬರವಣಿಗೆಯನ್ನು ತಡವಾಗಿ ಆರಂಭಿಸಲು ಕಾರಣಗಳೇನು ಎಂಬುದನ್ನು ಪೋಷಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಶಿಶುವಿಹಾರದ ಕಲ್ಪನೆಯನ್ನು 19ನೇ ಶತಮಾನದಲ್ಲಿ ರೂಪಿಸಿದವರು ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್. 'ಕಿಂಡರ್‌ಗಾರ್ಟನ್' ಅಂದರೆ ಮಕ್ಕಳ ತೋಟ ಎಂಬ ಹೆಸರನ್ನು 1840ರಲ್ಲಿ ಇಟ್ಟವರೂ ಅವರೇ. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ಮಹಾರಾಷ್ಟ್ರದ ಬೋರ್ಡಿ ಹಾಗೂ ಕೋಸಬಾಡದಲ್ಲಿ ಬುಡಕಟ್ಟು ಮಕ್ಕಳ ಮನೆಯಂಗಳಕ್ಕೇ ಶಿಕ್ಷಣವನ್ನು ಕೊಂಡೊಯ್ದರು. ಬೆಲೆಬಾಳುವ ಉಪಕರಣಗಳ ಬದಲಿಗೆ ಕಲ್ಲು, ಎಲೆ, ಬೀಜ, ಕಡ್ಡಿಗಳನ್ನೇ ಬೋಧನೋಪಕರಣವಾಗಿ ಬಳಸುವ ಪದ್ಧತಿ ಅಲ್ಲಿ ಬೆಳೆಯಿತು. ಇಂದಿಗೂ ಅಂಗನವಾಡಿಯ ಬಹುಪಾಲು ಕಲಿಕಾ ಸಾಮಗ್ರಿ ಇದೇ ಬಗೆಯದು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 1975ರ ಅಕ್ಟೋಬರ್ 2ರಂದು ದೇಶದ 33 ಯೋಜನಾ ಪ್ರದೇಶಗಳಲ್ಲಿ ಪ್ರಾರಂಭಿಸಲಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ 100 ಅಂಗನವಾಡಿ ಕೇಂದ್ರಗಳೊಂದಿಗೆ ಆರಂಭವಾದ ಈ ಯೋಜನೆಯು ಇಂದು ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ವಿಸ್ತರಿಸಿದ್ದು, 65 ಸಾವಿರಕ್ಕೂ ಹೆಚ್ಚು ಕೇಂದ್ರಗಳು ಕಾರ್ಯನಿರ್ವಹಿಸುತ್ತಿವೆ. 2021ರಲ್ಲಿ ಈ ಯೋಜನೆಯನ್ನು ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0 ಕಾರ್ಯಕ್ರಮದ ವ್ಯಾಪ್ತಿಗೆ ತರಲಾಯಿತು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮಾಹಿತಿ ಸೇವೆ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಹಾಗೂ ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳಲ್ಲಿ ಆಹಾರ ವಿತರಣೆಯು ಜನರ ಕಣ್ಣಿಗೆ ಹೆಚ್ಚು ಬಿದ್ದಿರುವುದರಿಂದ, ಕೇಂದ್ರವೆಂದರೆ ಊಟ ನೀಡುವ ಸ್ಥಳವೆಂಬ ಭಾವನೆ ಹಲವೆಡೆ ಉಳಿದುಕೊಂಡಿದೆ. ಆರನೆಯ ಸೇವೆಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲವೆಂದೇ ಹೇಳಬೇಕು.

ಸಂವಿಧಾನದ 45ನೇ ಅನುಚ್ಛೇದವು, 2002ರ 86ನೇ ತಿದ್ದುಪಡಿಯ ನಂತರ, ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಆರಂಭಿಕ ಆರೈಕೆ ಮತ್ತು ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು ತಿಳಿಸುತ್ತದೆ. 2013ರಲ್ಲಿ ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿಯು ಜಾರಿಗೆ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3 ರಿಂದ 8 ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿದೆ. ಅಂದರೆ ಅಂಗನವಾಡಿಯ ಮೂರು ವರ್ಷಗಳೂ ಒಂದನೇ ಮತ್ತು ಎರಡನೇ ತರಗತಿಗಳೂ ಒಂದೇ ಹಂತದ ಭಾಗಗಳಾಗಿವೆ.

ವರ್ಷದ ವಾರಗಳ ಹಂಚಿಕೆ

ರಾಜ್ಯದ ಅಂಗನವಾಡಿ ಕೇಂದ್ರಗಳಲ್ಲಿ 'ಚಿಲಿಪಿಲಿ' ಚಟುವಟಿಕೆ ಪುಸ್ತಕದ ಆಧಾರದಲ್ಲಿ ಶಾಲಾಪೂರ್ವ ಶಿಕ್ಷಣ ನೀಡುತ್ತಾ ಬರಲಾಗಿದೆ. ಇದು ವಿಷಯಾಧಾರಿತ ಪದ್ಧತಿ. ಕನ್ನಡ, ಗಣಿತ, ಪರಿಸರ ಎಂದು ಪಾಠಗಳನ್ನು ವಿಂಗಡಿಸದೆ, ನಾನು ಮತ್ತು ನನ್ನ ದೇಹ, ನನ್ನ ಕುಟುಂಬ, ಪ್ರಾಣಿಗಳು, ಪಕ್ಷಿಗಳು, ಹಣ್ಣು, ತರಕಾರಿ, ನೀರು, ವಾಹನ, ನಮಗೆ ನೆರವಾಗುವವರು ಎಂಬಂತೆ ಮಗುವಿಗೆ ಪರಿಚಿತವಾದ ಒಂದು ವಿಷಯವನ್ನು ತೆಗೆದುಕೊಂಡು, ಆ ಅವಧಿಯ ಹಾಡು, ಕಥೆ, ಮಾತುಕತೆ, ಎಣಿಕೆ, ಚಿತ್ರ ಮತ್ತು ಹೊರಾಂಗಣ ಆಟಗಳೆಲ್ಲವನ್ನೂ ಅದರ ಸುತ್ತ ಹೆಣೆಯಲಾಗುತ್ತದೆ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2024ರಲ್ಲಿ ಹೊರತಂದ 'ಆಧಾರಶಿಲಾ' ಪಠ್ಯಕ್ರಮವು 3 ರಿಂದ 6 ವರ್ಷದ ಮಕ್ಕಳಿಗೆ 48 ವಾರಗಳ ಯೋಜನೆಯನ್ನು ನೀಡಿದೆ. ಮೊದಲ 4 ವಾರಗಳು ಮನೆಯಿಂದ ಕೇಂದ್ರಕ್ಕೆ ಹೊಂದಿಕೊಳ್ಳುವುದಕ್ಕೆ ಮೀಸಲು. ನಂತರದ 36 ವಾರಗಳು ಸಕ್ರಿಯ ಕಲಿಕೆಗೆ. ಕೊನೆಯ 8 ವಾರಗಳಲ್ಲಿ ಹಿಂದೆ ಕಲಿತುದನ್ನೇ ಸ್ವಲ್ಪ ಕಠಿಣಗೊಳಿಸಿ ಪುನರಾವರ್ತಿಸಲಾಗುತ್ತದೆ ಮತ್ತು ಪ್ರತಿ ಮಗುವಿನ ಪ್ರಗತಿಯನ್ನು ಗಮನಿಸಲಾಗುತ್ತದೆ. ವಾರದ ಐದು ದಿನ ಹೊಸ ಚಟುವಟಿಕೆಗಳಿಗೂ ಆರನೆಯ ದಿನ ಕಲಿತುದನ್ನು ಗಟ್ಟಿಗೊಳಿಸುವುದಕ್ಕೂ ಮೀಸಲಾಗಿವೆ.

ಮೊದಲ ನಾಲ್ಕು ವಾರಗಳ ಬಗ್ಗೆ ವಿಶೇಷವಾಗಿ ಹೇಳಬೇಕಾದುದಿದೆ. ಈ ಅವಧಿಯಲ್ಲಿ ಪಾಠವೇ ನಡೆಯುತ್ತಿಲ್ಲವೆಂದು ಪೋಷಕರಿಗೆ ತೋರುವುದು ಸಹಜ. ಆದರೆ ತಾಯಿಯ ಸೆರಗು ಹಿಡಿದು ಅಳುವ ಮೂರು ವರ್ಷದ ಮಗುವಿಗೆ, ತಾಯಿ ಹೋಗಿ ಮತ್ತೆ ಬರುತ್ತಾಳೆ ಎಂಬ ನಂಬಿಕೆ ಮೂಡುವುದೇ ಮೊದಲ ಪಾಠ. ತನ್ನ ಹೆಸರು ಕರೆದಾಗ ಓಗೊಡುವುದು, ಚೀಲ ಇಡುವ ಜಾಗ ಗುರುತಿಸುವುದು, ಶೌಚಕ್ಕೆ ಹೋಗಬೇಕೆಂದು ಹೇಳುವುದು, ಸರದಿಯಲ್ಲಿ ನಿಂತು ಕೈತೊಳೆಯುವುದು, ಪಕ್ಕದ ಮಗುವಿನ ಹೆಸರು ತಿಳಿಯುವುದು ಈ ವಾರಗಳ ಕಲಿಕೆಯಾಗಿವೆ. ಪೋಷಕರು "ಅತ್ತರೆ ಟೀಚರ್ ಹೊಡೆಯುತ್ತಾರೆ" ಎಂದು ಹೆದರಿಸುವುದಾಗಲಿ, ಮಗುವಿನ ಕಣ್ಣು ತಪ್ಪಿಸಿ ಹೊರಟುಹೋಗುವುದಾಗಲಿ ಮಾಡಬಾರದು. "ಊಟವಾದ ಮೇಲೆ ಬರುತ್ತೇನೆ" ಎಂದು ಹೇಳಿ, ಹೇಳಿದ ವೇಳೆಗೆ ಸರಿಯಾಗಿ ಬಂದರೆ ಅಳು ಬೇಗ ನಿಲ್ಲುತ್ತದೆ.

ಒಂದು ವಾರದ ಉದಾಹರಣೆ: ತರಕಾರಿ

ಒಂದು ವಾರದಲ್ಲಿ ಏನೆಲ್ಲ ಅಡಕವಾಗಿರುತ್ತದೆ ಎಂಬುದಕ್ಕೆ ತರಕಾರಿಯ ವಿಷಯವನ್ನು ನೋಡಬಹುದು. ಹಿಂದಿನ ದಿನವೇ, ಮನೆಯಲ್ಲಿರುವ ಯಾವುದಾದರೂ ಒಂದು ತರಕಾರಿಯನ್ನು ಕೈಯಲ್ಲಿ ಕೊಟ್ಟು ಕಳುಹಿಸುವಂತೆ ಪೋಷಕರಿಗೆ ತಿಳಿಸಲಾಗುತ್ತದೆ. ಒಂದು ಬದನೆಕಾಯಿ ಸಾಕು, ಕೊಂಡು ತರುವ ಅಗತ್ಯವಿಲ್ಲ.

ಸೋಮವಾರ ಮಕ್ಕಳು ವೃತ್ತಾಕಾರವಾಗಿ ಕುಳಿತು ತಾವು ತಂದದ್ದನ್ನು ತೋರಿಸಿ ಹೆಸರು ಹೇಳುತ್ತಾರೆ. ಯಾವುದು ನುಣುಪು, ಯಾವುದು ಒರಟು, ಯಾವುದಕ್ಕೆ ಮುಳ್ಳಿದೆ ಎಂದು ಮುಟ್ಟಿ ನೋಡುತ್ತಾರೆ. ಮಾತನಾಡಲು ಹಿಂಜರಿಯುವ ಮಗುವಿಗೂ ಕೈಯಲ್ಲಿ ಒಂದು ವಸ್ತು ಇದ್ದಾಗ ಹೇಳಲು ಏನಾದರೂ ಸಿಗುತ್ತದೆ. ಮಂಗಳವಾರ ಎಲ್ಲವನ್ನೂ ರಾಶಿ ಹಾಕಿ ವಿಂಗಡಿಸಲಾಗುತ್ತದೆ. ಒಂದು ಮಗು ಬಣ್ಣದ ಪ್ರಕಾರ ವಿಂಗಡಿಸಿದರೆ ಮತ್ತೊಂದು ಉದ್ದ-ಗಿಡ್ಡ ನೋಡಿ ವಿಂಗಡಿಸಬಹುದು. ಎರಡೂ ಸರಿಯೇ. ನುಗ್ಗೆಕಾಯಿ ಬೆಂಡೆಕಾಯಿಗಿಂತ ಉದ್ದ, ಬೆಂಡೆಕಾಯಿ ಹಸಿಮೆಣಸಿನಕಾಯಿಗಿಂತ ಉದ್ದ ಎಂದು ಸಾಲಾಗಿ ಜೋಡಿಸುವಾಗ ಹೋಲಿಕೆ ಮತ್ತು ಕ್ರಮ ಎಂಬ ಗಣಿತದ ಎರಡು ಮೂಲ ಕಲ್ಪನೆಗಳು ಬಂದವು. ಆರು ಟೊಮೆಟೊಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುವುದು ಮುಂದಿನ ಹೆಜ್ಜೆ. ಬಾಯಿಪಾಠವಾಗಿ ನೂರರವರೆಗೆ ಹೇಳುವ ಮಗುವೂ ಐದು ವಸ್ತುಗಳನ್ನು ಎಣಿಸುವಾಗ ಒಂದನ್ನೇ ಎರಡು ಬಾರಿ ಎಣಿಸುವುದುಂಟು. ಬಾಯಿಯ ಲೆಕ್ಕವೂ ಕೈಯ ಲೆಕ್ಕವೂ ತಾಳೆಯಾಗುವುದು ನಿಜವಾದ ಎಣಿಕೆ. ತಾಳೆಯಾಗದ ಲೆಕ್ಕ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ.

ಬುಧವಾರದ ಆಟ ಶಬ್ದಗಳದು. ಬದನೆ, ಬೆಂಡೆ, ಬೀನ್ಸ್ ಇವು ಮೂರೂ ಯಾವ ಸದ್ದಿನಿಂದ ಆರಂಭವಾಗುತ್ತವೆ? ಅದೇ ಸದ್ದಿನಿಂದ ಆರಂಭವಾಗುವ ಇನ್ನೇನಿದೆ? ಯಾರೋ ಒಬ್ಬರು "ಬಸ್ಸು" ಎನ್ನುತ್ತಾರೆ, ಇನ್ನೊಬ್ಬರು ತಮ್ಮ ಅಣ್ಣನ ಹೆಸರು ಹೇಳುತ್ತಾರೆ. ಇಲ್ಲಿ ಅಕ್ಷರವನ್ನು ತೋರಿಸುವುದಿಲ್ಲ, ಕಿವಿಯನ್ನು ಮಾತ್ರ ಸಿದ್ಧಪಡಿಸಲಾಗುತ್ತದೆ. ಪದದೊಳಗಿನ ಸದ್ದನ್ನು ಬಿಡಿಸಿ ಕೇಳಬಲ್ಲ ಮಗುವಿಗೆ ಮುಂದೆ 'ಬ' ಅಕ್ಷರವನ್ನು ಕಲಿಸುವುದು ಸುಲಭವಾಗುತ್ತದೆ. ಗುರುವಾರ ಬೆಂಡೆಕಾಯಿಯನ್ನು ಅಡ್ಡಲಾಗಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಅಚ್ಚು ಒತ್ತುತ್ತಾರೆ. ಕತ್ತರಿಸುವ ಕೆಲಸ ಕಾರ್ಯಕರ್ತೆಯದು. ಐದು ಎಸಳಿನ ಹೂವಿನಂತೆ ಮೂಡುವ ಈ ಅಚ್ಚನ್ನು ಮಕ್ಕಳು ಮನೆಗೆ ತರುತ್ತಾರೆ. ಶುಕ್ರವಾರ ಚೀಲದೊಳಗೆ ಕೈಹಾಕಿ ನೋಡದೆಯೇ ತರಕಾರಿಯನ್ನು ಗುರುತಿಸುವ ಆಟ, ಕಥೆ ಮತ್ತು ಅಭಿನಯಗೀತೆ. ಶನಿವಾರ ಸಂತೆಯ ಆಟ: ಇಬ್ಬರು ಮಾರುವವರು, ಉಳಿದವರು ಕೊಳ್ಳುವವರು, ಹುಣಸೆಬೀಜಗಳೇ ಹಣ. ವಾರವಿಡೀ ಕಲಿತ ಹೆಸರು, ಎಣಿಕೆ, ಹೋಲಿಕೆಗಳೆಲ್ಲ ಈ ಸಂತೆಯಲ್ಲಿ ಒಟ್ಟಿಗೆ ಬಳಕೆಯಾಗುತ್ತವೆ. ಯಾವ ಮಗು ಏನನ್ನು ಕಲಿತಿದೆ, ಯಾವ ಮಗು ಮೂಲೆಯಲ್ಲಿ ಸುಮ್ಮನೆ ನಿಂತಿದೆ ಎಂಬುದು ಕಾರ್ಯಕರ್ತೆಗೆ ಬೇಗ ತಿಳಿಯುವುದೂ ಇಲ್ಲಿಯೇ.

ವಾರದ ಕೊನೆಗೆ ಪೋಷಕರ ಕೈಗೆ ಬರುವುದು ಬಣ್ಣದ ಒಂದು ಕಾಗದ ಮಾತ್ರ. ಅದನ್ನು ನೋಡಿ ಇಡೀ ವಾರ ಬೆಂಡೆಕಾಯಿ ಒತ್ತಿದ್ದಷ್ಟೇ ಎಂದು ತೀರ್ಮಾನಿಸುವುದು ಸರಿಯಲ್ಲ.

ದಿನದ ಕ್ರಮ

ಪ್ರತಿದಿನವೂ ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಸ್ವಾಗತ, ಸ್ವಚ್ಛತೆಯ ಪರಿಶೀಲನೆ ಮತ್ತು ಹಾಜರಾತಿಯ ಬಳಿಕ ಸುಮಾರು ಅರ್ಧ ಗಂಟೆ ಸ್ವತಂತ್ರ ಆಟ. ನಂತರ ವಾರದ ವಿಷಯಕ್ಕೆ ಸಂಬಂಧಿಸಿದ ಮಾತುಕತೆ, ಹಾಡು, ಚಟುವಟಿಕೆಗಳು. ಊಟ ಮತ್ತು ವಿಶ್ರಾಂತಿಯ ಅನಂತರ ಹೊರಾಂಗಣ ಆಟ ಹಾಗೂ ದಿನದ ಮೆಲುಕು. ಕ್ರಮ ಬದಲಾಗದಿರುವುದಕ್ಕೆ ಕಾರಣವಿದೆ. ಗಡಿಯಾರ ನೋಡಲು ಬಾರದ ಮಗುವಿಗೆ "ಊಟ, ಆಮೇಲೆ ನಿದ್ದೆ, ಆಮೇಲೆ ಅಮ್ಮ" ಎಂಬುದೇ ಕಾಲದ ಅಳತೆ. ಊಟದ ವೇಳೆಯೂ ಕಲಿಕೆಯ ವೇಳೆಯೇ ಆಗಿದ್ದು, ಸೋಪು ಹಚ್ಚಿ ಕೈತೊಳೆಯುವುದು, ತಾನೇ ಕಲಸಿ ತಿನ್ನುವುದು, ತಟ್ಟೆಯನ್ನು ಎತ್ತಿಡುವುದು ಇದರಲ್ಲಿ ಸೇರಿವೆ.

ಒಂದೇ ಕೊಠಡಿಯಲ್ಲಿ ಮೂರು, ನಾಲ್ಕು ಮತ್ತು ಐದು ವರ್ಷದ ಮಕ್ಕಳು ಒಟ್ಟಿಗೆ ಇರುವುದರಿಂದ ಒಂದೇ ಚಟುವಟಿಕೆಯನ್ನು ವಯಸ್ಸಿಗೆ ತಕ್ಕಂತೆ ಬದಲಿಸಲಾಗುತ್ತದೆ. ಕೆಂಪು ಬಣ್ಣದ ವಸ್ತು ತರಲು ಚಿಕ್ಕ ಮಗುವಿಗೆ ಹೇಳಿದರೆ, ಕೆಂಪಾದ ಮೂರು ಮತ್ತು ಹಸಿರಾದ ಎರಡು ವಸ್ತುಗಳನ್ನು ತರಲು ದೊಡ್ಡ ಮಗುವಿಗೆ ಹೇಳಬಹುದು. ಕಾರ್ಯಕರ್ತೆಗೆ ಆಹಾರ ವಿತರಣೆ, ತೂಕ ದಾಖಲಾತಿ, ಮನೆ ಭೇಟಿ, ಸಮೀಕ್ಷೆ ಮುಂತಾದ ಕರ್ತವ್ಯಗಳೂ ಇರುವುದರಿಂದ ಕೆಲವು ವಾರಗಳಲ್ಲಿ ಯೋಜನೆ ಏರುಪೇರಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅಂತಹ ವಾರದ ಚಟುವಟಿಕೆಗಳನ್ನು ಪೂರ್ಣ ಕೈಬಿಡದೆ ಮುಂದಿನ ವಾರಕ್ಕೆ ತೆಗೆದುಕೊಂಡು ಹೋಗುವುದು ಸೂಕ್ತ.

ಅಕ್ಷರ ಮತ್ತು ಬರವಣಿಗೆ

ಮೂರು ವರ್ಷದ ಮಗು ಬಳಪವನ್ನು ಸಾಮಾನ್ಯವಾಗಿ ಮುಷ್ಟಿಯಲ್ಲಿ ಹಿಡಿಯುತ್ತದೆ. ಬೆರಳು ಮತ್ತು ಮಣಿಕಟ್ಟಿನ ಸಣ್ಣ ಸ್ನಾಯುಗಳು ಬಲಗೊಂಡಂತೆ ಹಿಡಿತವು ಕ್ರಮೇಣ ಬೆರಳ ತುದಿಗೆ ಬರುತ್ತದೆ. ಇದಕ್ಕೆ ಮುನ್ನವೇ ಪುಟಗಟ್ಟಲೆ ಅಕ್ಷರ ತಿದ್ದಿಸಿದರೆ ಕೈ ನೋಯುತ್ತದೆ, ಹಿಡಿತ ತಪ್ಪಾಗಿ ರೂಢಿಯಾಗುತ್ತದೆ ಮತ್ತು ಮಗುವಿಗೆ ಬರವಣಿಗೆಯೆಂದರೆ ಬೇಸರ ಹುಟ್ಟುತ್ತದೆ. ಆದ್ದರಿಂದ ಕೇಂದ್ರದಲ್ಲಿ ಮೊದಲು ಕೈಯನ್ನು ಸಿದ್ಧಪಡಿಸಲಾಗುತ್ತದೆ. ಜೇಡಿಮಣ್ಣು ನಾದುವುದು, ಕಾಗದ ಹರಿಯುವುದು, ಮಣಿ ಪೋಣಿಸುವುದು, ಅವರೆಕಾಳು ಮತ್ತು ಕಡಲೆಬೀಜವನ್ನು ಬೇರ್ಪಡಿಸುವುದು, ಮರಳಿನಲ್ಲಿ ಬೆರಳಾಡಿಸುವುದು ಇವೆಲ್ಲ ಬರವಣಿಗೆಯ ಪೂರ್ವಸಿದ್ಧತೆಗಳೇ ಆಗಿವೆ. ಇಲ್ಲಿ ಕನ್ನಡಕ್ಕೆ ವಿಶೇಷವಾದ ಒಂದು ಅಂಶವನ್ನು ಗಮನಿಸಬೇಕು. ಕನ್ನಡ ಲಿಪಿಯು ಬಹುಮಟ್ಟಿಗೆ ದುಂಡಾದುದು. ನೆಟ್ಟಗಿನ ಗೆರೆಗಿಂತ ಸುತ್ತುವ, ಬಾಗುವ ಗೆರೆಯ ಅಭ್ಯಾಸವೇ ಹೆಚ್ಚು ಉಪಯುಕ್ತ. ಮನೆಯ ಮುಂದೆ ಚುಕ್ಕಿಗಳ ಸುತ್ತ ಎಳೆ ಎಳೆಯುವ ರಂಗೋಲಿಗಿಂತ ಉತ್ತಮವಾದ ಅಭ್ಯಾಸ ಪುಸ್ತಕ ದೊರೆಯುವುದು ಕಷ್ಟ. ಹೆಣ್ಣುಮಕ್ಕಳ ಕೈಗೆ ಮಾತ್ರವಲ್ಲದೆ ಗಂಡುಮಕ್ಕಳ ಕೈಗೂ ರಂಗೋಲಿ ಪುಡಿಯನ್ನು ಕೊಡಬಹುದು.

ಐದನೆಯ ವರ್ಷ ಕಳೆದ ಮಕ್ಕಳಿಗೆ ತಮ್ಮ ಹೆಸರಿನ ಅಕ್ಷರಗಳು, ಪರಿಚಿತ ಪದಗಳು ಮತ್ತು ಅಂಕಿಗಳನ್ನು ಗುರುತಿಸುವ ಚಟುವಟಿಕೆಗಳನ್ನು ಹೆಚ್ಚಾಗಿ ನೀಡಲಾಗುತ್ತದೆ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ರೂಪುಗೊಂಡು ಬಳಿಕ ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿದ 'ನಲಿ-ಕಲಿ' ಪದ್ಧತಿಯಲ್ಲಿಯೂ ಅಕ್ಷರ ಕಲಿಕೆಯು 'ಅ ಆ ಇ ಈ' ಕ್ರಮದಲ್ಲಿ ಆರಂಭವಾಗದೆ 'ರ ಗ ಸ ದ ಅ' ಎಂಬ ಗುಂಪಿನಿಂದ ಆರಂಭವಾಗುತ್ತದೆ. ಬರೆಯಲು ಸುಲಭವಾದ, ಕೂಡಲೇ 'ಸರ', 'ಗರಗಸ', 'ದರ' ಮುಂತಾದ ಪದಗಳನ್ನು ಓದಲು ಬರುವ ಅಕ್ಷರಗಳಿವು. ಆದುದರಿಂದ ಮನೆಯಲ್ಲಿ ಪೂರ್ಣ ವರ್ಣಮಾಲೆಯನ್ನು ಬಾಯಿಪಾಠ ಮಾಡಿಸಿದರೆ ಮಾತ್ರ ಶಾಲೆಯಲ್ಲಿ ಮುಂದಿರುತ್ತಾರೆ ಎಂಬ ಆತಂಕಕ್ಕೆ ಆಧಾರವಿಲ್ಲ.

ಮನೆಯ ಭಾಷೆ

ರಾಜ್ಯದ ಅನೇಕ ಕೇಂದ್ರಗಳಿಗೆ ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ, ಕೊಡವ, ತೆಲುಗು, ಮರಾಠಿ ಮುಂತಾದ ಭಾಷೆಗಳನ್ನಾಡುವ ಮಕ್ಕಳು ಬರುತ್ತಾರೆ. ತಾಂಡಾದ ಮಗು ಕೇಂದ್ರದಲ್ಲಿ ಮೌನವಾಗಿದ್ದರೆ ಅದಕ್ಕೆ ಬುದ್ಧಿ ಕಡಿಮೆ ಎಂದಲ್ಲ, ಭಾಷೆ ಹೊಸದು ಎಂದಷ್ಟೇ ಅರ್ಥ. ಮಗು ತನ್ನ ಮನೆಮಾತಿನಲ್ಲಿ ಉತ್ತರಿಸಲು ಅವಕಾಶವಿರಬೇಕು. ವಾರದ ವಿಷಯದ ಹತ್ತು ಪದಗಳನ್ನು ಮಗುವಿನ ಭಾಷೆಯಲ್ಲಿಯೂ ಕನ್ನಡದಲ್ಲಿಯೂ ಹೇಳುವ ರೂಢಿಯಿಟ್ಟುಕೊಂಡರೆ ಉಳಿದ ಮಕ್ಕಳಿಗೂ ಹೊಸ ಪದಗಳು ತಿಳಿಯುತ್ತವೆ. ಅಜ್ಜಿಯರನ್ನು ಕೇಂದ್ರಕ್ಕೆ ಕರೆಸಿ ಅವರ ಭಾಷೆಯಲ್ಲಿಯೇ ಕಥೆ ಹೇಳಿಸುವುದು ಖರ್ಚಿಲ್ಲದ ಉತ್ತಮ ಕಾರ್ಯಕ್ರಮ.

ಪ್ರಗತಿಯ ಅವಲೋಕನ

ಈ ವಯಸ್ಸಿನಲ್ಲಿ ಪರೀಕ್ಷೆ, ಅಂಕ, ಸ್ಥಾನ ಯಾವುದೂ ಇರುವುದಿಲ್ಲ. ಮಗುವನ್ನು ಮತ್ತೊಂದು ಮಗುವಿನೊಂದಿಗೆ ಹೋಲಿಸದೆ, ಅದರದೇ ಹಿಂದಿನ ಸ್ಥಿತಿಯೊಂದಿಗೆ ಹೋಲಿಸಿ ದಾಖಲಿಸಲಾಗುತ್ತದೆ. ಆದರೆ ಎಲ್ಲ ವ್ಯತ್ಯಾಸಗಳನ್ನೂ "ದೊಡ್ಡವನಾದಂತೆ ಸರಿಹೋಗುತ್ತದೆ" ಎಂದು ಬಿಟ್ಟುಬಿಡುವುದು ಅಪಾಯಕರ. ನಾಲ್ಕು ವರ್ಷ ತುಂಬಿದರೂ ನಾಲ್ಕು ಪದಗಳ ವಾಕ್ಯ ಆಡದಿರುವುದು, ಹಿಂದಿನಿಂದ ಕರೆದರೆ ತಿರುಗದಿರುವುದು, ಚಿತ್ರವನ್ನು ಕಣ್ಣಿನ ಬಳಿ ಹಿಡಿದು ನೋಡುವುದು, ಐದು ವರ್ಷವಾದರೂ ಒಂಟಿಕಾಲಿನಲ್ಲಿ ಕುಪ್ಪಳಿಸಲಾಗದಿರುವುದು, ಮೊದಲು ಆಡುತ್ತಿದ್ದ ಮಾತು ನಿಂತುಹೋಗುವುದು ಇಂತಹ ಲಕ್ಷಣಗಳು ಕಂಡಲ್ಲಿ ತಡಮಾಡದೆ ತಪಾಸಣೆ ಮಾಡಿಸಬೇಕು. ಹಾಡಿನ ಅಭಿನಯವನ್ನು ಸದಾ ಪಕ್ಕದವರನ್ನು ನೋಡಿಯೇ ಮಾಡುವ ಮಗುವಿಗೆ ಕಿವಿಯ ತೊಂದರೆ ಇರಬಹುದು. ಮನೆಯಲ್ಲಿ ಯಾರ ಗಮನಕ್ಕೂ ಬಾರದ ಇಂತಹ ಸಂಗತಿ ಕೇಂದ್ರದ ಹಾಡಿನ ವೇಳೆಯಲ್ಲಿ ಗೋಚರಿಸುವ ಸಾಧ್ಯತೆ ಹೆಚ್ಚು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೆ ಭೇಟಿ ನೀಡುವ ವ್ಯವಸ್ಥೆಯಿದೆ. ತಂಡ ಬರುವ ದಿನ ಮಗುವನ್ನು ತಪ್ಪದೆ ಕಳುಹಿಸುವುದು ಹಾಗೂ ಸಾಧ್ಯವಾದರೆ ತಾಯಿ ಅಥವಾ ತಂದೆ ಜೊತೆಯಲ್ಲಿರುವುದು ಅವಶ್ಯ. ಅಂಗವಿಕಲ ಮಕ್ಕಳಿಗೂ ಕೇಂದ್ರದಲ್ಲಿ ಪ್ರವೇಶವಿದ್ದು, ಆಧಾರಶಿಲಾ ಪಠ್ಯಕ್ರಮದ ಚಟುವಟಿಕೆಗಳಲ್ಲಿ ಅವರಿಗೆ ಅಗತ್ಯವಾದ ಮಾರ್ಪಾಡುಗಳನ್ನು ಸೂಚಿಸಲಾಗಿದೆ.

ಪೋಷಕರು ಮಾಡಬಹುದಾದುದು

ಮಗುವನ್ನು ಕರೆದೊಯ್ಯಲು ಬಂದಾಗ "ಈ ವಾರದ ವಿಷಯ ಯಾವುದು?" ಎಂದು ಕೇಳುವ ಅಧಿಕಾರ ಪ್ರತಿ ಪೋಷಕರಿಗೂ ಇದೆ. ಕೇಳುವವರಿದ್ದರೆ ಯೋಜನೆಯೂ ತಪ್ಪುವುದಿಲ್ಲ. ಮನೆಯಲ್ಲಿ "ಇವತ್ತು ಏನು ಕಲಿತೆ?" ಎಂಬ ಪ್ರಶ್ನೆಗೆ ಹೆಚ್ಚಿನ ಮಕ್ಕಳು "ಏನಿಲ್ಲ" ಎಂದೇ ಉತ್ತರಿಸುತ್ತಾರೆ. ಬದಲಾಗಿ "ಸಂತೆಯಲ್ಲಿ ನೀನು ಏನು ಮಾರಿದೆ?" ಎಂದು ಕೇಳಿದರೆ ಮಾತು ಮುಂದುವರಿಯುತ್ತದೆ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಎಸಳು ಎಣಿಸುವುದು, ಒಗೆದ ಬಟ್ಟೆಗಳಲ್ಲಿ ಯಾರದು ಯಾವುದೆಂದು ವಿಂಗಡಿಸುವುದು, ಬಸ್ಸಿನ ಬಣ್ಣ ಹೇಳುವುದು ಇವು ಕೇಂದ್ರದ ಕಲಿಕೆಯ ಮುಂದುವರಿಕೆಯಾಗುತ್ತವೆ. ಮೊಬೈಲ್ ಫೋನಿನಲ್ಲಿ ಹಾಡು ಹಾಕಿ ಕೊಡುವುದು ಇದಕ್ಕೆ ಬದಲಿಯಲ್ಲ, ಏಕೆಂದರೆ ಅದು ಮಗುವಿನ ಮಾತಿಗೆ ಮರುಮಾತು ಆಡುವುದಿಲ್ಲ. ಹಾಜರಾತಿಯೂ ಮುಖ್ಯ. ವಾರದಲ್ಲಿ ಎರಡು ದಿನ ಮಾತ್ರ ಬರುವ ಮಗುವಿಗೆ ಸೋಮವಾರದ ಎಳೆ ಶನಿವಾರಕ್ಕೆ ಕೂಡುವುದಿಲ್ಲ.

ಒಂದನೇ ತರಗತಿಗೆ ಪ್ರವೇಶ

ರಾಜ್ಯದಲ್ಲಿ ಒಂದನೇ ತರಗತಿ ಪ್ರವೇಶಕ್ಕೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ನಿಗದಿಪಡಿಸಲಾಗಿದೆ. 2025-26ನೇ ಸಾಲಿಗೆ ಮಾತ್ರ, ಪೂರ್ವ ಪ್ರಾಥಮಿಕ ಶಿಕ್ಷಣ ಪೂರೈಸಿದ ಮಕ್ಕಳಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ನೀಡಲಾಗಿತ್ತು. ಈ ನಿಯಮದಿಂದಾಗಿ ಶಾಲಾಪೂರ್ವ ಶಿಕ್ಷಣಕ್ಕೆ ಪೂರ್ಣ ಮೂರು ವರ್ಷ ದೊರೆಯುತ್ತದೆ. ಅವಸರದಲ್ಲಿ ಮೂರು ವರ್ಷಕ್ಕೆ ಮೊದಲೇ ಎಲ್‌ಕೆಜಿಗೆ ಸೇರಿಸಿದ ಮಗು ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಗುತ್ತದೆ ಎಂಬುದನ್ನು ಪೋಷಕರು ಗಮನದಲ್ಲಿಡಬೇಕು. 2024ರಲ್ಲಿ ಆಯ್ದ ಅಂಗನವಾಡಿ ಕೇಂದ್ರಗಳಲ್ಲಿ 'ಸರ್ಕಾರಿ ಮಾಂಟೆಸರಿ' ಹೆಸರಿನಲ್ಲಿ ಎಲ್‌ಕೆಜಿ ಮತ್ತು ಯುಕೆಜಿ ತರಗತಿಗಳನ್ನು ಆರಂಭಿಸಲಾಯಿತು. ಒಂದನೇ ತರಗತಿಗೆ ಬಂದ ಮಕ್ಕಳಿಗಾಗಿ ಎನ್‌ಸಿಇಆರ್‌ಟಿಯು 2021ರಲ್ಲಿ ರೂಪಿಸಿದ 'ವಿದ್ಯಾಪ್ರವೇಶ' ಎಂಬ ಮೂರು ತಿಂಗಳ ಆಟಾಧಾರಿತ ಸಿದ್ಧತಾ ಕಾರ್ಯಕ್ರಮವೂ ಇದೆ. ಅಂಗನವಾಡಿಗೆ ಹೋಗಲು ಅವಕಾಶವಾಗದ ಮಕ್ಕಳಿಗೆ ಇದು ಸ್ವಲ್ಪಮಟ್ಟಿಗೆ ನೆರವಾಗುತ್ತದೆ.

ಮೂರು ವರ್ಷ ತುಂಬಿದ ಮಗುವನ್ನು ದಾಖಲಿಸಲು ತಮ್ಮ ವ್ಯಾಪ್ತಿಯ ಅಂಗನವಾಡಿ ಕಾರ್ಯಕರ್ತೆಯನ್ನು ಭೇಟಿ ಮಾಡುವುದು. ಯಾವುದೇ ಶುಲ್ಕವಿರುವುದಿಲ್ಲ. ಕೇಂದ್ರದಲ್ಲಿ ಶಾಲಾಪೂರ್ವ ಚಟುವಟಿಕೆಗಳು ನಡೆಯದಿದ್ದಲ್ಲಿ ಮೊದಲು ಕಾರ್ಯಕರ್ತೆಯೊಂದಿಗೆ ಚರ್ಚಿಸಿ, ಬಾಲವಿಕಾಸ ಸಮಿತಿಯ ಸಭೆಯಲ್ಲಿ ವಿಷಯವನ್ನು ಪ್ರಸ್ತಾಪಿಸಬಹುದು. ಆಗಲೂ ಪರಿಹಾರ ದೊರೆಯದಿದ್ದರೆ ವಲಯ ಮೇಲ್ವಿಚಾರಕಿಗೆ ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ತಿಳಿಸುವುದು.